ಗುರುತು ಹಿಡಿಯುವ ಸಂಜೆ

ತಿಂಗಳ ಮೂರನೇ ಶನಿವಾರ ಮ್ಯೂಸಿಯಮ್ಮಿನಲ್ಲಿ ಸಿನಿಮಾ.
ಟಿಕೆಟ್ಟಿಲ್ಲ. ಟೀ ಇದೆ, ಬಿಸ್ಕತ್ತು ತಲಾ ಎರಡು.
ಕುರ್ಚಿ ಹಾಕುವುದು, ಕಿಟಕಿಗೆ ಕರಿಬಟ್ಟೆ ಕಟ್ಟುವುದು,
ನೂರು ವರ್ಷದ ರಾಗಿಕಲ್ಲಿನ ಮೇಲೆ ಯಾರೂ ಕೂರದಂತೆ,
ಸೋಮನ ಮುಖದ ಕಣ್ಣಿಗೆ ಮಕ್ಕಳು ಬೆರಳು ತೂರದಂತೆ
ಕಾಯುವುದು, ನನ್ನ ಕೆಲಸ. ದಿನಗೂಲಿ.

ಈ ಸಲದ್ದು ಸಿನಿಮಾ ಅಂದರೆ ಸಿನಿಮಾ ಅಲ್ಲ.
ಮಂಡ್ಯದಲ್ಲಿ ಬಾಗಿಲು ಮುಚ್ಚಿದ ಯಾವುದೋ ಸ್ಟುಡಿಯೋದ
ಅಟ್ಟದ ಮೇಲೆ ಸಿಕ್ಕ ತಗಡಿನ ಡಬ್ಬಿ,
ಒಳಗೆ ಒಂಬತ್ತು ನಿಮಿಷದ ರೀಲು.
ಯಾರು ತೆಗೆದರೋ, ಯಾತಕ್ಕೋ. ಮಾತಿಲ್ಲ, ಹಾಡಿಲ್ಲ.
ಫ್ಯಾಕ್ಟರಿ ಗೇಟಿಗೆ ಕಬ್ಬಿನ ಗಾಡಿಗಳ ಸಾಲು, ಸಾಲು,
ಮತ್ತೆ ಸಾಲು.

ಮೇಡಂ ಒಂದು ದಪ್ಪ ರಿಜಿಸ್ಟರು ಕೊಟ್ಟರು:
"ಆ ಕಡೆಯವರು ವ್ಯಾನಲ್ಲಿ ಬರ್ತಾರೆ.
ಮುಖ ಗುರುತಿಸಿದರೆ ಹೆಸರು ಬರಕೋ.
ಎಡದಿಂದ ಒಂದನೆಯವರು, ಎರಡನೆಯವರು, ಹಾಗೆ."

ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು
ಕೊಂಬೆಗೆ ಜಗಳವಾಡುವ ಹೊತ್ತು.
ಖಲಂದರ್ ಸಾಬರು ಹಳೇ ಪ್ರೊಜೆಕ್ಟರಿನ ಹೊಟ್ಟೆ ಒರೆಸಿ
ಮಸೂರಕ್ಕೆ ಬಾಯುಸಿರು ಕೊಟ್ಟು
ಟೂರಿಂಗ್ ಟಾಕೀಸಿನಲ್ಲಿ ಕೂಗುತ್ತಿದ್ದಂತೆ
"ಲೈಟಾಫ್" ಎಂದು ಕೂಗಿದರು.
ಸ್ವಿಚ್ಚಿನ ಹತ್ತಿರ ನಾನೇ ಇದ್ದೆ, ಒಂದು ಮಾರು ದೂರ.
ಆದರೂ ಕೂಗಿದರು.

ಬೆಳಕಿನ ಕೋಲಿನೊಳಗೆ ಮೊದಲು
ಮ್ಯೂಸಿಯಮ್ಮಿನ ಧೂಳು ಕುಣಿಯಿತು.
ಆಮೇಲೆ ಗಾಡಿ.

"ಅಗೋ!" ಅಂದರು ಬೋರಲಿಂಗಪ್ಪ. ಪೆನ್ನು ಬಿಚ್ಚಿದೆ.
"ಬಲಗಡೇದು ಕಣವ್ವ, ಕೊಂಬು ವಸಿ ಒಳಕ್ಕೆ ಬಗ್ಗೈತಲ್ಲ,
ನಮ್ ದೊಡ್ಡಪ್ಪನ ಎತ್ತು. ರಾಮ. ಜೊತೇದು ಕರಿಯ.
ಸಂತೇಲಿ ಐನೂರ ಹತ್ತಕ್ಕೆ ತಂದಿದ್ದು."
ಗಾಡಿ ಹೊಡೆಯೋರು?
"ಅವ್ನಾ? ಅವ್ನ್ಯಾರೋ ಕಾಣೆ."

ಹೀಗೇ ನಡೆಯಿತು. ಎಂಟು ಎತ್ತು, ಒಂದು ನಾಯಿ,
ರಸ್ತೆ ಅಗಲಕ್ಕೆ ಕಡಿದ ಹುಣಸೆಮರ,
ತೂಕದ ಗುಮಾಸ್ತ. ಅವನ ಹೆಸರನ್ನು
ಮೂವರು ಒಟ್ಟಿಗೇ ಹೇಳಿದರು, ಬೈಗುಳ ಸೇರಿಸಿ.
ಬೈಗುಳವನ್ನೂ ಬರೆಯಲೇ ಎಂದು ಮೇಡಂ ಕಡೆ ನೋಡಿದೆ.
ಬರಿ, ಅಂದವು ಕಣ್ಣು.

ಆರನೇ ನಿಮಿಷಕ್ಕೆ ಒಂದು ಹುಡುಗಿ.
ಗಾಡಿಯ ಹಿಂದೆ ಓಡಿಬಂದು ಕಬ್ಬು ಜಗ್ಗುತ್ತಾಳೆ,
ಬರುವುದಿಲ್ಲ, ಕಾಲು ಒತ್ತಿಕೊಟ್ಟು ಜಗ್ಗುತ್ತಾಳೆ,
ಬಂತು! ಬಿದ್ದಳು, ಎದ್ದಳು, ಈ ಕಡೆ ನೋಡಿದಳು
ನೆಟ್ಟಗೆ, ಅಂದರೆ
ಅರವತ್ತು ವರ್ಷ ದಾಟಿ, ಕತ್ತಲ ಈ ಕುರ್ಚಿಗಳ ಕಡೆ.
ಓಡಿದಳು.

ಯಾರು? ಯಾರೂ ಹೇಳಲಿಲ್ಲ.
ಸಾಬರು ರೀಲು ಹಿಂದಕ್ಕೆ ಬಿಟ್ಟರು.
ಹುಡುಗಿ ಬೆನ್ನು ಮುಂದಾಗಿ ಓಡಿಬಂದಳು,
ನೋಡಿದಳು, ಬಿದ್ದಳು, ಎದ್ದಳು,
ಕದ್ದ ಕಬ್ಬನ್ನು ಅದೇ ಗಾಡಿಗೆ ನೀಟಾಗಿ ಸಿಕ್ಕಿಸಿ ಹೋದಳು.
ಸಭೆಯೆಲ್ಲ ನಕ್ಕಿತು. ಕೊನೇ ಸಾಲಿನಲ್ಲಿ
ಬಿಸ್ಕತ್ತನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡ
ಚೆಲುವಕೆಂಪಮ್ಮ ಮಾತ್ರ ನಗಲಿಲ್ಲ.

ದೀಪ ಹತ್ತಿತು. ಎಲ್ಲರೂ ಟೀಗೆ ಎದ್ದಮೇಲೆ
ನನ್ನ ಪಕ್ಕ ಬಂದು ನಿಂತಳು.
"ಆ ಹುಡ್ಗೀದು ಏನ್ ಬರ್ದೆ ಮಗ?"
ಗೊತ್ತಿಲ್ಲ ಅಂತ.
"ಅಂಗೇ ಮಡಗು.
ಗಾಡಿ ಒಡೇರ ಮಗ ಇಲ್ಲೇ ಅವ್ನೆ, ಮುಂದ್ಗಡೆ ಕುರ್ಚೀಲಿ."

ಏನು ಕೇಳಬೇಕೋ ತಿಳಿಯದೆ ಕೇಳಿದೆ:
ಸಿಹಿ ಇತ್ತಾ ಅಜ್ಜಿ?
"ಎಲ್ಲಿ ಬತ್ತು. ಕೈಗೆ ಸಿಕ್ಕಿದ್ದು ಬರೀ ತುದೀದು.
ಸಪ್ಪೆ."

ವ್ಯಾನು ಹಾರನ್ ಹೊಡೆಯಿತು.
ಕುರ್ಚಿ ಮಡಿಸುವ ಮುಂಚೆ ರಿಜಿಸ್ಟರು ತೆರೆದೆ.
ಹೆಸರು ಎಂಬಲ್ಲಿ: ಗೊತ್ತಿಲ್ಲ.
ಷರಾ ಎಂಬಲ್ಲಿ: ಸಪ್ಪೆ.

ಸೋಮವಾರ ಮೇಡಂ ಕೇಳುತ್ತಾರೆ, ಏನಿದು ಅಂತ.
ಕೇಳಲಿ.