ಬಾಗಿಲು ಹಾಕುವ ಕೆಲಸ

ನನ್ನ ಕೆಲಸ ಬಾಗಿಲು ಹಾಕುವುದು.
ತೆರೆಯುವುದು ಬೇರೆಯವರ ಪಾಲು,
ಅದಕ್ಕೆ ಕೀಲಿನವರಿದ್ದಾರೆ, ಹಿಡಿಯವರಿದ್ದಾರೆ.
ನಾನು ಹಾಕುತ್ತೇನೆ. ಕೇಳುತ್ತೇನೆ. ಬರೆದಿಡುತ್ತೇನೆ.

ತ್ಸ್ವಿಕಾವ್ ಊರಾಚೆ, ಕಾರ್ಖಾನೆಯ ಬೆನ್ನಿಗೆ
ಸದ್ದು ಮರಳಿ ಬಾರದ ಒಂದು ಕೋಣೆ,
ಗೋಡೆಯ ತುಂಬ ಸ್ಪಂಜಿನ ಹಲ್ಲು.
ಹೊಸಬರು ಹತ್ತು ನಿಮಿಷ ನಿಂತರೆ
ತಮ್ಮದೇ ನೆತ್ತರು ಹರಿವುದು ಕೇಳಿ
ಹೊರಗೆ ಓಡುತ್ತಾರೆ.
ನನಗೆ ಹತ್ತೊಂಬತ್ತು ವರ್ಷದ ರೂಢಿ.

ಕಂಪನಿಗೆ ಹನ್ನೊಂದು ಮಾದರಿ, ಐವತ್ತು ದೇಶ.
ಮೊದಲ ಸಂಬಳದ ಹುಡುಗಿಗೆ ಪುಟಾಣಿ,
ಅವಳಿ ಹುಟ್ಟಿದ ಮನೆಗೆ ದೊಡ್ಡ ಡಿಕ್ಕಿ,
ಕಾಡಿನ ಮುಖ ಕಾಣದವರಿಗೆ
ಕಾಡು ಹತ್ತುವ ಗಾಲಿ,
ಹಿಂದಿನ ಸೀಟಲ್ಲೇ ಕೂತು ಮುಪ್ಪಾಗುವವರಿಗೆ
ಉದ್ದನೆಯ ಕಪ್ಪು.
ಒಂದೊಂದಕ್ಕೂ ಬಾಗಿಲು,
ಒಂದೊಂದು ಬಾಗಿಲಿಗೂ
ದುಡ್ಡಿಗೆ ತಕ್ಕ ಸದ್ದು.

ಪುಟಾಣಿಗೆ ಟಪ್ ಸಾಕು.
ನಡುವಿನದಕ್ಕೆ ಡಬ್, ಕೊನೆಯ ಬ್ ತುಸು ದಪ್ಪ;
ತಿಂಗಳ ಕಂತು ಕಟ್ಟುವವನ ಸಮಾಧಾನವೆಲ್ಲ
ಆ ಒಂದು ಒತ್ತಿನಲ್ಲಿ.
ಉದ್ದನೆಯ ಕಪ್ಪಿಗೆ ಧುಮ್ಮೂ ಅಲ್ಲ, ಧೊಪ್ಪೂ ಅಲ್ಲ,
ಸೂರಿನ ಹಿಮ ಜಾರಿ
ಅಂಗಳದ ಹಿಮದ ಮೇಲೆ ಬಿದ್ದ ಹಾಗೆ.
ಅದಕ್ಕೆ ಎರಡೂವರೆ ಕಿಲೋ ಟಾರಿನ ಹಾಳೆ,
ಮೂರು ಸುತ್ತು ರಬ್ಬರು.
ಮೌನಕ್ಕೂ ತೂಕವಿದೆ ಅನ್ನುವುದನ್ನು
ನನಗೆ ಕಲಿಸಿದ್ದು ತಕ್ಕಡಿ.

ನಾನು ಹುಟ್ಟಿದ ವಾರ
ಅಪ್ಪ ಕಾರಿಗೆ ಹೆಸರು ಬರೆಸಿದನಂತೆ.
ಅದು ಬಂದಾಗ ನನಗೆ ಹನ್ನೆರಡು.
ಆಗ ಡಾಕ್ಟರಿಗೂ ಅದೇ, ಗಣಿಯವನಿಗೂ ಅದೇ,
ಹತ್ತಿಯ ಚಿಂದಿಗೆ ರಾಳ ಕಲಸಿ ಒತ್ತಿದ ಮೈ.
ಕೇಳಿದ್ದು ನೀಲಿ, ಬಂದದ್ದು ಗಂಜಿಯ ಬಣ್ಣ.
ಅಮ್ಮ ಅತ್ತಳು.
ಬಣ್ಣಕ್ಕೋ, ಬಂತಲ್ಲ ಎಂಬುದಕ್ಕೋ, ಕೇಳಲಿಲ್ಲ.

ಸಮಾನತೆ ಅಂದರೇನು ಎಂದು ಯಾರಾದರೂ ಕೇಳಿದರೆ
ಸಂಜೆ ಐದೂವರೆ ಅನ್ನುತ್ತೇನೆ.
ಬೀದಿಯುದ್ದಕ್ಕೂ ಟಕ್, ಟಕ್, ಟಕ್,
ಯಾರ ಅಪ್ಪ ಬಂದನೆಂದು ತಿಳಿಯುತ್ತಿರಲಿಲ್ಲ.
ಹಾಗಂತ ಆ ಕಾಲವೇ ಚೆಂದ ಅನ್ನಲಾರೆ.
ಒಂದು ಇರುಳು ನಾಲ್ಕು ಟಕ್ ಕೇಳಿಸಿ
ಪಕ್ಕದ ಮನೆಯ ಯೋಖೆನ್ ಓಲಿಟ್ಸ್
ಮೂರು ವರ್ಷ ಕಾಣಲಿಲ್ಲ.

ನಮ್ಮ ಬಾಗಿಲು ಮಾತ್ರ
ಮೊದಲ ಏಟಿಗೆ ಕಚ್ಚಿಕೊಳ್ಳುತ್ತಿರಲಿಲ್ಲ.
ಟಕ್.
ಒಂದು ಬೈಗುಳದಷ್ಟು ಬಿಡುವು.
ಟಕ್.
ಅಷ್ಟರಲ್ಲಿ ನಾನು ಮೆಟ್ಟಿಲಿಳಿದಿರುತ್ತಿದ್ದೆ.

ಗಡಿ ತೆರೆದ ಮರುವರ್ಷ
ಅಪ್ಪ ಅದನ್ನು ಕೊಟ್ಟು
ಹಳೆಯದೊಂದು ಬಟ್ಟೆ ಒಗೆಯುವ ಯಂತ್ರ ತಂದ.
ಹನ್ನೆರಡು ವರ್ಷ ಕಾದದ್ದು
ಆರು ತಿಂಗಳು ತಿರುಗಿ ಕೆಟ್ಟಿತು.

ಮೊನ್ನೆ ಮಂಗಳವಾರ ಲೆಕ್ಕದವರು ಬಂದರು.
ಪುಟಾಣಿಯ ಬಾಗಿಲಿಂದ ಇನ್ನೂರು ಗ್ರಾಂ ಹಾಳೆ ಕಿತ್ತರೆ
ಕಾರಿಗೆ ಎಂಬತ್ತು ಸೆಂಟ್ ಉಳಿತಾಯ,
ಲಕ್ಷಗಟ್ಟಲೆ ಕಾರಿಗೆ ಎಷ್ಟೆಂದು
ಗೋಡೆಯ ಮೇಲೆ ಕೂಡಿಸಿ ತೋರಿಸಿದರು.
ಫಾಲ್ಕೊ ಅಂತ, ಒಳ್ಳೆಯ ಹುಡುಗ,
ನನ್ನ ಕಾಫಿಗೂ ಅವನೇ ಸಕ್ಕರೆ ಹಾಕಿದ.
"ಆ ದರಕ್ಕೆ ಕಾರು ಕೊಳ್ಳುವವರು
ಬಾಗಿಲಿಗೆ ಯಾಕೆ ಕಿವಿ ಕೊಡುತ್ತಾರೆ?" ಅಂದ.

ಕಾಸಿಗೆ ತಕ್ಕ ಕಜ್ಜಾಯ, ನಿಜ.
ಆ ಕಜ್ಜಾಯ ಹಂಚಿಯೇ ನಾನೂ ಉಂಡಿದ್ದೇನೆ.
ಆದರೂ ಸಹಿ ಹಾಕದೆ ಕೋಣೆಗೆ ಹೋದೆ.
ಹಾಳೆ ಕಿತ್ತ ಬಾಗಿಲು ಅಲ್ಲಿ ಕಾದಿತ್ತು.
ಹಾಕಿದೆ.

ಟಕ್.

ಮೈಕು ಅದನ್ನು ಮುಳ್ಳಿನಂಥ ಗೆರೆಯಾಗಿ ಬರೆಯಿತು.
ಕೆಳಗೆ ಕೆಂಪಕ್ಷರ: ಅಗ್ಗ.
ಆ ಪದ ಅಲ್ಲಿಗೆ ಹಾಕಿಸಿದವಳು ನಾನೇ,
ಹತ್ತು ವರ್ಷದ ಹಿಂದೆ.

ಮೊದಲ ಏಟಿಗೇ ಕಚ್ಚಿಕೊಂಡಿತ್ತು,
ಇನ್ನೊಮ್ಮೆ ಬೇಕಿರಲಿಲ್ಲ.
ಆದರೂ ತೆರೆದೆ.
ಒಂದು ಬೈಗುಳದಷ್ಟು ಬಿಡುವು
ಆಗಲೇ ಕಳೆದಿದೆ.
ಹೊರಗೆ ಫಾಲ್ಕೊ ಕಾಗದ ಹಿಡಿದು ನಿಂತಿದ್ದಾನೆ.
ನನ್ನ ಕೈ ಇನ್ನೂ ಹಿಡಿಯ ಮೇಲಿದೆ.