ಇಳಿಯೋರು ಮೊದಲು

ಐದೂ ಮುಕ್ಕಾಲಿಗೆ ಗೋಪಾಳದ ತಿರುವಿನಲ್ಲಿ
ಫಸ್ಟ್ ಬಸ್ಸು ಗೇರು ಬದಲಿಸುವ ಸದ್ದಿಗೆ ಎಚ್ಚರ.
ನನಗಿಂತ ಮೊದಲೇ ಎದ್ದು ಕೂತಿರುತ್ತದೆ ಎದೆ.

ಮಂಚದ ಅಂಚು. ಮೊಣಕಾಲ ಮೇಲೆ ಮೊಣಕೈ.
ಹೀಗೆ ತಲೆ ತಗ್ಗಿಸಿ ಕೂತವನನ್ನು ಯಾರಾದರೂ ಕಂಡರೆ
ಕಂಡಕ್ಟರನ ಚಿಲ್ಲರೆ ಕೆಳಗೆ ಬಿದ್ದಿದೆ, ಹುಡುಕುತ್ತಿದ್ದಾನೆ
ಅಂದುಕೊಂಡಾರು.
ಹುಡುಕುತ್ತಿರುವುದು ಉಸಿರು.
ಯಾವ ಸೀಟಿನಡಿಗೋ ಉರುಳಿಹೋಗಿದೆ.

ಕಫ ಮೊದಲು. ಅದಕ್ಕೇನೂ ಅವಸರವಿಲ್ಲ,
ಚಳಿಯಲ್ಲಿ ನೈಟ್ ಹಾಲ್ಟ್ ಮಾಡಿದ ಗಾಡಿ,
ನಾಲ್ಕು ಸಲ ತಳ್ಳಿದರೆ ಒಮ್ಮೆ ಸ್ಟಾರ್ಟು.
ಬಂಗಾರಿ ಬಿಸಿನೀರಿನ ಲೋಟ ಇಟ್ಟು
ಮಾತಾಡದೆ ಹೋಗುತ್ತಾಳೆ.
ಈ ಹೊತ್ತಲ್ಲಿ ‘ಹೂಂ’ ಅನ್ನುವುದೂ ಒಂದು ಘಾಟಿ
ಅಂತ ಅವಳಿಗೆ ಗೊತ್ತು.

ಆಮೇಲೆ ಪಂಪು. ಎರಡು ಸಲ. ನಡುವೆ ಒಂದು ನಿಮಿಷ.
ಬಾಯಿ ಮುಕ್ಕಳಿಸಿ ಕಾಯುವುದು.
ಔಷಧಿ ಡ್ಯೂಟಿಗೆ ಹತ್ತುವ ತನಕ ಬಚ್ಚಲು ಬೇಡ, ಷರ್ಟು ಬೇಡ,
ಬಗ್ಗಿ ಚಪ್ಪಲಿ ಹುಡುಕುವುದಂತೂ ಬೇಡವೇ ಬೇಡ.
ಇಪ್ಪತ್ತು ನಿಮಿಷ!
ಎರಡು ನಿಮಿಷದ ಟೈಮಿಂಗ್ಸಿಗೆ
ಹಿಂದಿನ ಬಸ್ಸಿನವನ ಕಾಲರ್ ಹಿಡಿದವನು ನಾನು,
ದಸ್ತಗೀರ್ ಡ್ರೈವರ್ ಸೀಟಿನಿಂದ ಜಿಗಿದು ಬಂದು ಬಿಡಿಸಿದ್ದ.

ಮೆಗ್ಗಾನ್ ಆಸ್ಪತ್ರೆಯಲ್ಲೊಂದು ಹುಡುಗಿ,
ಹೊಸನಗರದ ಕಡೆಯ ಮಾತು,
ನನ್ನ ಪಕ್ಕೆಲುಬಿಗೆ ಎರಡೂ ಕೈ ಇಟ್ಟು ಹೇಳಿದಳು:
‘ಎಂತ ಗೊತ್ತಾ ಟಾಕಪ್ಪೋರೇ,
ಗಾಳಿ ಒಳಗೆ ಬರ್ತಿಲ್ಲ ಅಂತ ನೀವು ಒದ್ದಾಡ್ತೀರಿ.
ಒಳಗಿರದು ಹೊರಗೆ ಹೋಗ್ತಿಲ್ಲ. ತುಂಬ್ಕೊಂಡು ಕೂತಿದೆ.’
ನಗು ಬಂತು. ನಗು ಕೆಮ್ಮಾಯಿತು.
ಇಪ್ಪತ್ತೇಳು ವರ್ಷ ತೀರ್ಥಹಳ್ಳಿ ರೂಟಿನಲ್ಲಿ
ಬಾಗಿಲಿಗೆ ಜೋತುಬಿದ್ದು ನಾನು ಕೂಗಿದ್ದೂ ಅದನ್ನೇ:
ಇಳಿಯೋರು ಮೊದ್ಲು ಇಳೀಲ್ರೀ, ಆಮೇಲೆ ಹತ್ತಿ!

ಹಾಗಾಗಿ ಈಗ ಮೂಗಿನಿಂದ ಎಳೆದು, ಎರಡೆಣಿಸಿ,
ವಿಷಲ್ ಕಚ್ಚಿದ ಹಾಗೆ ತುಟಿ ಕಿರಿದು ಮಾಡಿ
ನಾಲ್ಕೆಣಿಸುತ್ತ ಬಿಡುತ್ತೇನೆ.
ಸದ್ದಿಲ್ಲದ ವಿಷಲ್ಲು.
ಒಬ್ಬೊಬ್ಬರೇ ಇಳಿಯುತ್ತಾರೆ,
ಬೇಸಿಗೆಯ ಕೆಂಧೂಳು, ಮುಂದಿನ ಲಾರಿಯ ಹೊಗೆ,
ಬೀಡಿ ಕಟ್ಟಿನ ಸಮೇತ ಫುಟ್‌ಬೋರ್ಡಿನಲ್ಲಿ ನಿಂತ
ಮೂವತ್ತು ವರ್ಷದ ಒಬ್ಬ ಹುಡುಗ.
ಅವನು ಮಾತ್ರ ಸುಲಭಕ್ಕೆ ಇಳಿಯುವವನಲ್ಲ.

ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ.
ಎಕ್ಸ್‌ಪ್ರೆಸ್ ಅಲ್ಲ, ಎಲ್ಲಾ ಕಡೆ ಸ್ಟಾಪು.
ಬಾಗಿಲ ಚೌಕಟ್ಟು ಗಾಜನೂರು, ಕೈ ಊರಿ ನಿಲ್ಲು.
ಫ್ರಿಜ್ಜು ಸಕ್ರೆಬೈಲು,
ಅದೂ ಆನೆಯ ಹಾಗೆ ಒಳಗೊಳಗೇ ಗುರುಗುಟ್ಟುತ್ತದೆ.
ಅಡುಗೆಕಟ್ಟೆ ಮಂಡಗದ್ದೆ.

ಮಂಡಗದ್ದೆಯಲ್ಲೊಬ್ಬಳು ಹತ್ತುತ್ತಿದ್ದಳು, ಹೂವಕ್ಕ,
ಹೋಟೆಲಿನ ಸೌದೆ ಒಲೆ ಊದಿ ಊದಿ ಖಾಲಿಯಾದ ಹೆಂಗಸು.
ಮೆಟ್ಟಿಲ ಕಂಬಿ ಹಿಡಿದು ನಿಂತೇ ಇರುವಳು, ಬಾಯಿ ತೆರೆದು.
‘ನಿಮ್ಮನೆ ಬಸ್ಸಾ ಇದು?’ ಅಂದಿದ್ದೆ,
ಒಂದು ಸಲವಲ್ಲ.
ಒಂದು ದಿನ ಅವಳ ಕಾಲು ಮೇಲೆ ಬರುವ ಮೊದಲೇ ವಿಷಲ್ ಊದಿದೆ.
ಬೀಳಲಿಲ್ಲ. ಕಂಬಿ ಬಿಟ್ಟು
ರಸ್ತೆಯಲ್ಲೇ ಉಳಿದಳು.
ಬೈಯಲಿಲ್ಲ ಅಂತ ನಾನು ಆಗ ಗೆದ್ದೆ ಅಂದುಕೊಂಡೆ.
ಬೈಯಲಿಕ್ಕೆ ಬೇಕಾಗುವುದು ಏನೆಂದು
ಈಗ ಗೊತ್ತಾಗಿದೆ.

ಬಂಗಾರಿ ನನ್ನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ,
ಕನ್ನಡಕ ಏರಿಸಿ ಓದುತ್ತಾಳೆ: ‘ಎಂಬತ್ತೊಂಬತ್ತು.’
ಸ್ವಲ್ಪ ತಡೆದು, ‘ತೊಂಬತ್ತು. ತೊಂಬತ್ತೊಂದು.’
ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲು ಕಾಯುತ್ತಿದೆ,
ಬಕೆಟ್ಟಿನಿಂದ ಹಬೆ.
‘ಹೋಗೋಣ್ವಾ?’ ಅನ್ನುತ್ತಾಳೆ.

ತಡಿ, ಎಂದು ಕೈ ತೋರಿಸುತ್ತೇನೆ.
ಒಬ್ರು ಹತ್ತೋದಿದೆ.