ನಂಬರ್ ಹನ್ನೊಂದು

ಶಾಫಿಯ ಅಂಗಡಿಗೆ ಮೊದಲ ಸಿ.ಡಿ. ಬಂದದ್ದು
ಮಾರ್ಕರ್ ಪೆನ್ನಿನಲ್ಲಿ ಗೀಚಿದ ಇಸವಿಯೊಂದಿಗೆ.
ಆ ಕಂಪನಿಗೆ ಹೊಸ ವರ್ಷ ನವರಾತ್ರಿಗೇ ಹುಟ್ಟುತ್ತದೆ;
ಮೂರು ಅಂತ ಬರೆದದ್ದು ಎರಡರಲ್ಲೇ ಬಿಡುಗಡೆ,
ಉಪ್ಪಳಕ್ಕೆ ತಲುಪುವಾಗ ಐದು.
ಹಳಸಿದ ಭವಿಷ್ಯವನ್ನು
ಗಂಟೆಗೆ ಹತ್ತು ರೂಪಾಯಿ ಕೊಟ್ಟು ಆಡಿದವರು ನಾವು.

ಮುಖಗಳು ಗೋಡೆಗೆ ಹಚ್ಚಿದ ಚುನಾವಣೆ ಚೀಟಿಯ ಹಾಗೆ ಚಪ್ಪಟೆ,
ಬೆರಳು ಬೆರಳಿಗೆ ಅಂಟಿ ಹಲಗೆ, ಜನ ರಟ್ಟು.
ಬಲೆ ಮಾತ್ರ, ಚೆಂಡು ಹೊಕ್ಕು ಅರ್ಧ ಕ್ಷಣ ಆದ ಮೇಲೆ
ಯಾರೋ ನೆನಪು ಮಾಡಿದಂತೆ ನಡುಗುತ್ತಿತ್ತು.

ಆಟಗಾರನನ್ನು ನೀವೇ ಮಾಡಿ, ಅಂತ ಒಂದು ಬಾಗಿಲಿತ್ತು ಅದರಲ್ಲಿ.
ನಾನು ಅಕ್ಕನನ್ನು ಮಾಡಿದೆ.

ಜಲಜಾಕ್ಷಿ ಗಟ್ಟಿ. ಐದಡಿ ಹನ್ನೊಂದಿಂಚು. ಎಡಗೈ.
ಕನ್ನಡ ಡಿವಿಜನ್ನಿನಲ್ಲಿ ಆ ವರ್ಷ ಉಳಿದ ಹುಡುಗಿಯರು ಐದೇ,
ಹಾಗಾಗಿ ಒಂದು ತಂಡ.
ಒಬ್ಬಳಿಗೆ ಜ್ವರ ಬಂದರೆ ಪಂದ್ಯವಿಲ್ಲ,
ಒಬ್ಬಳಿಗೆ ಮದುವೆಯಾದರೆ ಡಿವಿಜನ್ನೂ ಇಲ್ಲ.
ಬದಲಿಗೆ ಇಳಿಯಲು ಬೆಂಚಿನ ಮೇಲೆ ನೀರಿನ ಕೊಡಪಾನ.
ರಿಂಗು ಅಂತ ಇದ್ದದ್ದು ಯಾವುದೋ ಹಳೆ ಪೀಪಾಯಿಯ ಕಬ್ಬಿಣದ ಪಟ್ಟಿ.

ಹೆಸರಿನ ಚೌಕಕ್ಕೆ ಇಂಗ್ಲಿಷು ಮಾತ್ರ. ಹೇಗೋ ಹಿಡಿಸಿದೆ.
ಹೆಂಗಸು ಅಂತ ಗುಂಡಿ ಹುಡುಕಿದೆ, ಇರಲಿಲ್ಲ.
ಹೆಗಲು ಕುಗ್ಗಿಸಿದೆ, ಇನ್ನೂ ಕುಗ್ಗಿಸಿದೆ,
ಅಕ್ಕ ಮೀಸೆಯಿಲ್ಲದ ಗಂಡಸಾಗಿ ಅಂಗಳಕ್ಕಿಳಿದಳು.
ವೀಕ್ಷಕ ವಿವರಣೆಯವನಿಗೆ ಅವಳ ಹೆಸರು ನಾಲಗೆಗೆ ಬಾರದು.
ಪಟ್ಟಿಯಲ್ಲಿರುವವರ ಹೆಸರನ್ನೆಲ್ಲ ಮೊದಲೇ ಓದಿಸಿ ಇಟ್ಟಿದ್ದರಂತೆ,
ಉಳಿದವರಿಗೆ ಅಂಕೆ.
‘ನಂಬರ್ ಹನ್ನೊಂದು!’ ಎಂದು ಕೂಗಿದ,
‘ನಂಬರ್ ಹನ್ನೊಂದು, ಅಷ್ಟು ದೂರದಿಂದ!’
‘ನಿನ್ನ ಅಕ್ಕ ಬೆಂಕಿ ಮಾರಾಯ,’ ಅಂದ ಶಾಫಿ.

ಹೊಸದು ಬಂದಾಗಲೆಲ್ಲ ಅವಳನ್ನು ಮೊದಲಿಂದ ಮಾಡಬೇಕು.
ಏಳರಲ್ಲಿ ಬೆವರು ಬಂತು. ಒಂಬತ್ತರಲ್ಲಿ ಷೂಸಿನ ಕಿರುಗು.
ಆಮೇಲೊಮ್ಮೆ ನಿವೃತ್ತರೆಲ್ಲ ಗಿಡ್ಡ ಚಡ್ಡಿಯಲ್ಲಿ ಮರಳಿದರು,
ಹಳೆ ಟಿ.ವಿ.ಯ ಮಸುಕು ಬಣ್ಣ ಬಳಿದುಕೊಂಡು.
ಎದುರು ಕಂಪನಿಯದ್ದೂ ಒಂದಿತ್ತು;
ಒಂದು ವರ್ಷ ಚೆಂಡು ಕೈಗೇ ಸಿಗದೆ, ನಗೆಪಾಟಲಾಗಿ, ಬಾಗಿಲು ಹಾಕಿತು.
ಮತ್ತೆ ಇದೊಂದೇ.
ಒಂದೇ ಆದ ಮೇಲೆ ಎಲ್ಲದಕ್ಕೂ ದುಡ್ಡು,
ಷೂಸಿಗೆ, ಕೂದಲಿಗೆ, ಜಿಗಿತಕ್ಕೆ.
ಎರಡು ವರ್ಷ ಕಳೆದರೆ ದೂರದ ಸರ್ವರು ಆರಿಸುತ್ತಾರೆ.
ಹಾಗೆ ಅಕ್ಕ ಮೂರು ಸಲ ಸತ್ತಿದ್ದಾಳೆ, ಬೊಜ್ಜವಿಲ್ಲದೆ.

ಅಸಲು ಅಕ್ಕ ಅಷ್ಟರಲ್ಲಿ ರೈಲ್ವೆ ಪರೀಕ್ಷೆ ಬರೆದು
ಗೇಟು ಕಾಯುತ್ತಿದ್ದಳು.
ಹನ್ನೆರಡು ಗಂಟೆ ಪಾಳಿ, ಒಂದು ಫೋನು, ಎರಡು ಬಾವುಟ.
ಕ್ರೀಡಾ ಕೋಟಾ ಅಲ್ಲ.
‘ಐದೇ ಜನರ ತಂಡದ ಸರ್ಟಿಫಿಕೇಟು ಯಾರಿಗೆ ಬೇಕು?’

ಆಟದೊಳಗೆ ಹೆಂಗಸರು ಬಂದ ವರ್ಷ
ಅವಳ ರಜೆಯ ದಿನ ನೋಡಿ ಕರಕೊಂಡು ಹೋದೆ.
ಶಾಫಿ ಈಗ ಮೊಬೈಲು ರಿಪೇರಿ;
ಪರದೆಯ ಆಚೆ ಒಂದು ಟಿ.ವಿ. ಉಳಿಸಿಕೊಂಡಿದ್ದಾನೆ.
ಮೂವತ್ತು ಬಗೆಯ ಜಡೆ ಉಂಟು,
ಎಣ್ಣೆ ಹಾಕಿ ಮಡಚಿ ಕಟ್ಟಿದ ಎರಡು ಜಡೆ ಇಲ್ಲ.
‘ಮೊಣಕಾಲಿಗೆ ಎಷ್ಟು ಹಾಕಿದ್ದಿ, ತೊಂಬತ್ತಾ?
ಕಡಿಮೆ ಮಾಡು, ಸುಳ್ಳಾಗ್ತದೆ.’
ಹತ್ತು ಎಸೆದಳು, ಎಂಟು ತಪ್ಪಿತು.
‘ಎಂತ ಇದು, ಕೈಯೇ ಇಲ್ಲ ಇದರಲ್ಲಿ,’
ರಿಮೋಟು ಕೆಳಗಿಟ್ಟು ಸುಲೈಮಾನಿ ಕುಡಿದಳು,
ಶಾಫಿಯ ಮಗಳಿಗೆ ಎಷ್ಟನೇ ಕ್ಲಾಸು ಅಂತ ಕೇಳಿದಳು.

ನಿನ್ನೆ ಗೇಟು ಬಿದ್ದಿತ್ತು.
ನಾನು ಬೈಕಿನ ಮೇಲೆ; ಮುಂದೆ ಮೀನಿನ ಟೆಂಪೊ,
ಐಸಿನ ನೀರು ತೊಟ್ಟಿಕ್ಕುತ್ತ.
ಒಳಗೆ ಫೋನು. ಸ್ಟೇಷನ್ ಮಾಸ್ಟರು ಒಂದು ಅಂಕೆ ಹೇಳುತ್ತಾರೆ,
ಅಕ್ಕ ಒಂದು ಅಂಕೆ ತಿರುಗಿ ಹೇಳುತ್ತಾಳೆ, ಪುಸ್ತಕದಲ್ಲಿ ಬರೆಯುತ್ತಾಳೆ.
ಹೊರಗೆ ಬಂದು ಹಸಿರು ಬಾವುಟ ಹಿಡಿದು ನಿಂತಳು,
ಎಡಗೈ, ಮೊಣಕೈ ನೆಟ್ಟಗೆ,
ಮಣಿಕಟ್ಟು ತುಸು ಮುಂದೆ ಬಾಗಿ,
ಚೆಂಡು ಬಿಟ್ಟ ಮೇಲೂ ಕೈ ಇಳಿಸಬಾರದು ಅಂತ
ಐದು ಹುಡುಗಿಯರಿಗೆ ಯಾರೂ ಕಲಿಸದೆ ಗೊತ್ತಿದ್ದ ಹಾಗೆ.

ಇಪ್ಪತ್ತೆರಡು ಡಬ್ಬಿ.
ಕೈ ಇಳಿಯಲಿಲ್ಲ.
ಟೆಂಪೊದವ ಆಗಲೇ ಹಾರ್ನು ಶುರು ಮಾಡಿದ್ದ.